ಹಾಸು ದಾರದ್ದು, ಹೊಕ್ಕು ಹಳೇ ಸೀರೆಯದು

ಹಂಪಿ ನೋಡಲು ಬರುವವರು ಹೊಸಪೇಟೆಯಲ್ಲಿ ಇಳಿಯುತ್ತಾರೆ. ಕಲ್ಲಿನ ರಥ, ವಿರೂಪಾಕ್ಷನ ಗುಡಿ, ತುಂಗಭದ್ರಾ ಅಣೆಕಟ್ಟು ನೋಡಿಕೊಂಡು ಹಾಗೇ ಊರಿಗೆ ಹೊರಟುಬಿಡುತ್ತಾರೆ. ಗುಡ್ಡದ ಸಾಲು ದಾಟಿ ಸಂಡೂರಿನವರೆಗೆ ಬರುವವರು ಕಡಿಮೆ. ಸಂಡೂರನ್ನೂ ದಾಟಿ ಕೂಡ್ಲಿಗಿ ಕಡೆಗಿರುವ ನಮ್ಮ ಬಂಡ್ರಿಗೆ ಬರುವವರು ಅಂದರೆ ನೆಂಟರು, ಇಲ್ಲವೇ ಬೀಜ ಗೊಬ್ಬರ ಮಾರುವವರು! ನಮ್ಮದು ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಒಣಭೂಮಿ. ಗುಡಿಗೋಪುರದ ವೈಭವ ಇಲ್ಲಿಲ್ಲ.

ಆದರೂ ಸೋದರಿಯರೇ, ಸೂಜಿ, ದಾರ, ಬಟ್ಟೆಯ ಹುಚ್ಚು ನಿಮಗೆ ಸ್ವಲ್ಪವಾದರೂ ಇದ್ದರೆ ಒಮ್ಮೆ ನಮ್ಮ ಸೀಮೆಗೆ ಬನ್ನಿ. ಬಂಡ್ರಿಯಿಂದ ಹೊರಟು ಸಂಡೂರು, ಹೊಸಪೇಟೆ, ಹೊಳೆಯಾಚೆಯ ಆನೆಗೊಂದಿ ಇಷ್ಟನ್ನು ಸುತ್ತಿದರೆ ಸಾಕು, ಹೆಣ್ಣುಮಕ್ಕಳ ಕೈಗೆಲಸ ಎಷ್ಟು ಬಗೆಯದು ಅಂತ ಕಣ್ಣಿಗೆ ಕಾಣುತ್ತದೆ. ನಾನು ಈ ಸುತ್ತು ಹಾಕಿದ್ದು ಬರೀ ತಿರುಗಾಟಕ್ಕಲ್ಲ, ನಮ್ಮ ಪಡಸಾಲೆಯಲ್ಲಿರುವ ಒಂದು ಪುಟ್ಟ ಮಗ್ಗಕ್ಕಾಗಿ. ಮಗ್ಗ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ನೋಡಿದವರೆಲ್ಲ ಅದನ್ನು "ಕಿಟಕಿ" ಅನ್ನುತ್ತಾರೆ. ಅದು ನಿಜವಾಗಿ ಕಿಟಕಿಯೇ!

ಎರಡು ವರ್ಷದ ಹಿಂದೆ ಮನೆ ದುರಸ್ತಿ ಮಾಡಿಸುವಾಗ ಹಿತ್ತಲ ಕಡೆಯ ಹಳೇ ಕಿಟಕಿಯನ್ನು ಕಿತ್ತು ಹಾಕಿದರು. ಗಟ್ಟಿ ಮರ, ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಉದ್ದ. ನಮ್ಮವರು ಅದನ್ನು ನೀರೊಲೆಗೆ ಹಾಕೋಣ ಅಂದರು. ನಾನು ಬಿಡಲಿಲ್ಲ. ಸರಳು ತೆಗೆಸಿ, ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಕಾಲಿಂಚಿಗೊಂದರಂತೆ ಸಣ್ಣ ಮೊಳೆ ಹೊಡೆಸಿದೆ. ಒಂದೇ ಸಾಲಿನಲ್ಲಿ ಹೊಡೆದರೆ ಮರ ಸೀಳುತ್ತದೆ, ಆದ್ದರಿಂದ ಒಂದು ಮೇಲೆ ಒಂದು ಕೆಳಗೆ, ಅಂಕುಡೊಂಕಾಗಿ. ಮೇಲಿನ ಮೊಳೆಯಿಂದ ಕೆಳಗಿನ ಮೊಳೆಗೆ, ಕೆಳಗಿನಿಂದ ಮತ್ತೆ ಮೇಲಕ್ಕೆ ಬಿಗಿಯಾಗಿ ದಾರ ಎಳೆದರೆ ಅದು ಹಾಸು. ಅದರೊಳಗೆ ಅಡ್ಡಡ್ಡ ತೂರಿಸುವುದು ಹೊಕ್ಕು. "ಹಾಸುಹೊಕ್ಕಾಗಿದೆ" ಅಂತ ದಿನಾ ಆಡುತ್ತೇವಲ್ಲ, ಆ ಮಾತು ಮಗ್ಗದಿಂದಲೇ ಬಂದದ್ದು.

ಇನ್ನು ಮಗ್ಗದ ಗುಟ್ಟು ಹೇಳುತ್ತೇನೆ ಕೇಳಿ. ಹಾಸಿನಲ್ಲಿ ಒಂದು ಎಳೆ ಬಿಟ್ಟು ಒಂದು ಎಳೆಯ ಕೆಳಗೆ ಉದ್ದನೆಯ ಮರದ ಸ್ಕೇಲು ತೂರಿಸಿ ಇಡಬೇಕು. ಸ್ಕೇಲನ್ನು ಅಡ್ಡಲಾಗಿ ನಿಲ್ಲಿಸಿದರೆ ಅರ್ಧ ಎಳೆಗಳು ಮೇಲೇಳುತ್ತವೆ, ನಡುವೆ ದಾರಿಯಾಗುತ್ತದೆ. ಆ ದಾರಿಯಲ್ಲಿ ಹೊಕ್ಕು ಹಾಯಿಸಬೇಕು. ಉಳಿದರ್ಧ ಎಳೆಗಳಿಗೆ ಒಂದೊಂದಕ್ಕೂ ದಾರದ ಕುಣಿಕೆ ಹಾಕಿ, ಕುಣಿಕೆಗಳನ್ನೆಲ್ಲ ಒಂದು ಕೋಲಿಗೆ ಕಟ್ಟಬೇಕು. ಸ್ಕೇಲು ಮಲಗಿಸಿ ಕೋಲನ್ನು ಎತ್ತಿದರೆ ಈಗ ಆ ಅರ್ಧ ಏಳುತ್ತದೆ. ವಾಪಸು ಬರುವ ಹೊಕ್ಕಿಗೆ ಅದು ದಾರಿ. ದೊಡ್ಡ ಮಗ್ಗದಲ್ಲಿ ನೇಕಾರರು ಕಾಲಿನಿಂದ ತುಳಿದು ಮಾಡುವುದೂ ಇದನ್ನೇ. ಲಾಳಿಯ ಬದಲು ನನ್ನದು ರಟ್ಟಿನ ತುಂಡು, ಹಣಿಗೆಯ ಬದಲು ಅಗಲ ಹಲ್ಲಿನ ಬಾಚಣಿಗೆ.

ಹಾಸಿಗೆ ಗಟ್ಟಿ ಹತ್ತಿಯ ದಾರ ಬೇಕು, ಹೊಕ್ಕಿಗೆ ಹಳೇ ಹತ್ತಿ ಸೀರೆ. ಸೀರೆಯನ್ನು ಉದ್ದಕ್ಕೆ ಒಂದೂವರೆ ಇಂಚಿನ ಪಟ್ಟಿಯಾಗಿ ಹರಿಯಬೇಕು. ಕತ್ತರಿ ಬೇಡ, ಅಂಚಿನಲ್ಲಿ ಸಣ್ಣ ಕಚ್ಚು ಮಾಡಿ ಎಳೆದರೆ ನೂಲಿನ ಗುಂಟ ಸರಳವಾಗಿ ಹರಿಯುತ್ತದೆ. ಒಂದು ಸೀರೆಗೆ ಸುಮಾರು 30 ಪಟ್ಟಿ. ಎರಡು ಅಡಿಗೆ ಮೂರು ಅಡಿಯ ಒಂದು ಹಾಸುಗಂಬಳಿಗೆ ಒಂದು ಸೀರೆ ಧಾರಾಳವಾಗಿ ಸಾಕು, ಸ್ವಲ್ಪ ಮಿಗುತ್ತದೆ ಕೂಡ. ಹಾಸಿನ ದಾರ ಸುಮಾರು 100 ಮೀಟರು. ಪಟ್ಟಿ ಹಾಯಿಸುವಾಗ ಒಂದು ವಿಷಯ ನೆನಪಿಡಿ: ನೇರವಾಗಿ ಬಿಗಿದು ಎಳೆದರೆ ಅಂಚು ಒಳಗೆ ಸೇದಿಕೊಂಡು ನಡು ಸಣ್ಣಗಾಗುತ್ತದೆ, ಡಮರುಗದ ಹಾಗೆ. ಪಟ್ಟಿಯನ್ನು ಕಮಾನಿನಂತೆ ಸಡಿಲ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಕ್ಕೆ ತಟ್ಟಬೇಕು. ಆಗ ಅಂಚು ನೆಟ್ಟಗೆ ನಿಲ್ಲುತ್ತದೆ.

ನನ್ನ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು. ಊಟದ ಪಾತ್ರೆ ತೊಳೆದಾಗಿರುತ್ತದೆ, ಸಂಜೆಯ ಚಹಾಕ್ಕೆ ಇನ್ನೂ ಸಮಯವಿರುತ್ತದೆ. ಹೀಗೆ ದಿನಕ್ಕೆ ಒಂದೂವರೆ ತಾಸು ಕೂತರೆ ಒಂದು ವಾರಕ್ಕೆ ಒಂದು ಮುಗಿಯುತ್ತದೆ.

ಯಾವ ಸೀರೆ ಹರಿಯಬೇಕು, ಯಾವುದನ್ನು ಹರಿಯಬಾರದು ಅನ್ನುವುದು ನೇಯುವುದಕ್ಕಿಂತ ಕಷ್ಟದ ಪ್ರಶ್ನೆ! ನಮ್ಮ ಅತ್ತೆಯವರದ್ದು ನಾಲ್ಕು ಇಳಕಲ್ ಸೀರೆ ಪೆಟ್ಟಿಗೆಯಲ್ಲಿವೆ. ಎರಡರ ಮಡಿಕೆಗಳು ಸವೆದು ಸೀಳಿವೆ. ಉಡುವ ಹಾಗಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯಾದರೂ ಸೆರಗು ರೇಷ್ಮೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ಅದಕ್ಕೇ ಅದು ಕೊಂಡಿ ಸೆರಗು. ಅದರ ಮೇಲಿನ ಕೆಂಪು ಬಿಳಿ ತೆನೆಗಳನ್ನು ನಿಧಾನವಾಗಿ ನೋಡಿ. ನಾನು ಕಿಟಕಿಯ ಮುಂದೆ ಕೂತು ಕಲಿತ ಮೇಲೆಯೇ ಅದನ್ನು ನೇಯ್ದವರ ತಾಳ್ಮೆ ನನಗೆ ತಿಳಿದದ್ದು. ಮೊದಲು ಅದು ನನಗೆ ಬರೀ "ಅತ್ತೆಯ ಕಾಲದ ಸೀರೆ" ಆಗಿತ್ತು. ಅವನ್ನು ಹರಿಯಲಿಲ್ಲ. ನನ್ನವೇ ಹಳೇ ವಾಯಿಲ್ ಸೀರೆ, ಮಗನ ಹಳೇ ಲುಂಗಿ, ಹಳೇ ದಿಂಬಿನ ಚೀಲ ಇವೆಲ್ಲ ಹೊಕ್ಕಾದವು.

ಹಳೇ ಬಟ್ಟೆಗೆ ನಮ್ಮ ಕಡೆಯ ದೊಡ್ಡ ಮರ್ಯಾದೆ ಅಂದರೆ ಕೌದಿ. ನಾಲ್ಕೈದು ಪದರ ಹಳೇ ಸೀರೆ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಹಾಗೆ ಸಾದಾ ಹೊಲಿಗೆ ಹಾಕುವುದು ನಿಮಗೂ ಗೊತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಕೌದಿಯ ನಾಲ್ಕು ಮೂಲೆಗೂ ಬಣ್ಣದ ಬಟ್ಟೆ ಮಡಚಿ "ಫೂಲ" ಅಂತ ಇಡುತ್ತಾರಂತೆ. ಮೂಲೆಗೆ ಹೂವಿಲ್ಲದ ಕೌದಿ ಬತ್ತಲೆ ಕೌದಿ ಅಂತ ಅವರ ಲೆಕ್ಕ! ನಾನು ಕೌದಿ ಬಿಟ್ಟು ಮಗ್ಗ ಹಿಡಿದದ್ದಕ್ಕೆ ಅತ್ತೆಯವರು ಒಂದು ವಾರ ಮುಖ ಊದಿಸಿದ್ದರು. "ಹೊದಿಯೋಕೆ ಬರೋದಿಲ್ಲ, ಕಾಲು ಒರೆಸೋಕೆ ಇಷ್ಟು ಕಷ್ಟ ಯಾಕವ್ವ?" ಅಂತ.

ಅತ್ತೆಯವರ ಮಾತಿಗೆ ಉತ್ತರವಾಗಿ ಮಾವನವರ ಕಂಬಳಿ ಇತ್ತು. ಅದೂ ಮಗ್ಗದ್ದೇ ಅಲ್ಲವೇ? ಬಳ್ಳಾರಿ, ಚಿತ್ರದುರ್ಗದ ಕಡೆಯ ಕುರುಬರ ಕಂಬಳಿ ನಮ್ಮೆಲ್ಲರ ಮನೆಯಲ್ಲೂ ಇದೆ. ಮದುವೆಗೂ ಬೇಕು, ಪೂಜೆಗೂ ಬೇಕು, ಮಳೆಗೂ ಬೇಕು. ಕುರಿಯ ಉಣ್ಣೆ ಕತ್ತರಿಸಿದ ಮೇಲೆ ಹಿಂಜಿ ನೂಲು ತೆಗೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು, ಗುಂಡಿಮಗ್ಗದಲ್ಲಿ ಕೂತು ನೇಯುವವರು ಗಂಡಸರು. ಉಣ್ಣೆಯ ನೂಲು ಬಿರುಸು, ಕೂದಲು ಎದ್ದು ಒಂದಕ್ಕೊಂದು ಸಿಕ್ಕಿಬೀಳುತ್ತದೆ. ಅದಕ್ಕೆ ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿದ ಅಂಟನ್ನು ಹಾಸಿಗೆ ಬಳಿಯುತ್ತಾರೆ. ಹುಣಸೆಹಣ್ಣು ಕುಟ್ಟಿದ ಮೇಲೆ ನಾವು ತಿಪ್ಪೆಗೆ ಎಸೆಯುವ ಬೀಜಕ್ಕೆ ಎಂಥ ಕೆಲಸ ನೋಡಿ! ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕೇಂದ್ರ ಕಾನೂನಿನ ಪಟ್ಟಿಯಲ್ಲಿ ಕಂಬಳಿಯೂ ಇದೆ.

ಹಾಸುಗಂಬಳಿ ನಾಲ್ಕಾರು ಆದವು. ಗಟ್ಟಿಯಾಗಿದ್ದವು, ಆದರೆ ಬೋಳು ಬೋಳು. ಅಂಚಿಗೆ ಏನಾದರೂ ಕೆಲಸ ಬೇಕು ಅನ್ನಿಸಿತು. ಅದಕ್ಕೇ ಸಂಡೂರಿಗೆ ಹೊರಟದ್ದು.

ಸಂಡೂರು ಅಂದರೆ ಬೇರೆ ಊರಿನವರಿಗೆ ಅದಿರು ನೆನಪಾಗುತ್ತದೆ. ಅದೇನೂ ಸುಳ್ಳಲ್ಲ. ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ವರ್ಷಗಳಲ್ಲಿ ರಸ್ತೆ ಪಕ್ಕದ ಮನೆಯವರು ಬಿಳಿ ಬಟ್ಟೆ ಒಣಹಾಕುವುದನ್ನೇ ಬಿಟ್ಟಿದ್ದರು. ಎಲ್ಲವೂ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಆ ಸಾಲು ಒಮ್ಮೆ ನಿಂತಿತು. ಆಮೇಲೆ ಲೆಕ್ಕಾಚಾರದ ಮೇಲೆ ಮತ್ತೆ ಶುರುವಾಯಿತು. ಆದರೆ ಸಂಡೂರು ಅದಿರೊಂದೇ ಅಲ್ಲ. ಘೋರ್ಪಡೆ ಮನೆತನ ಆಳಿದ ಪುಟ್ಟ ಸಂಸ್ಥಾನ ಅದು. 1934ರಲ್ಲಿ ಗಾಂಧೀಜಿ ಬಂದು ಹೋದ ಊರು. ಮಳೆ ಮುಗಿಯುವ ಹೊತ್ತಿಗೆ ಬಂದರೆ ಕಣಿವೆಯೆಲ್ಲ ಹಸಿರು ಹಾಸಿರುತ್ತದೆ, ಮೋಡ ಗುಡ್ಡಕ್ಕೆ ಒರಗಿಕೊಂಡಿರುತ್ತದೆ. ಕುಮಾರಸ್ವಾಮಿ ಬೆಟ್ಟಕ್ಕೆ ಹೋಗುವವರು ನಾರಿಹಳ್ಳದ ಕಣಿವೆಯನ್ನೂ ನೋಡಿಕೊಂಡು ಬನ್ನಿ.

ನಾನು ನೋಡಬೇಕಿದ್ದದ್ದು ಸಂಡೂರು ಕುಶಲ ಕಲಾ ಕೇಂದ್ರ. 1988ರಲ್ಲಿ ಶುರುವಾದದ್ದು. ಸುಶೀಲಾನಗರ ಮುಂತಾದ ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಅದು ಆಸರೆ. ಅವರ ಲಂಗಕ್ಕೆ ಫೇಟಿಯಾ, ಕುಪ್ಪಸಕ್ಕೆ ಕಾಂಚಳಿ ಅನ್ನುತ್ತಾರೆ. ಕನ್ನಡಿ, ಕವಡೆ, ಮಣಿ, ನಾಣ್ಯ ಎಲ್ಲ ಹೊಲಿದ ಆ ಉಡುಪನ್ನು ನೀವು ಸಂತೆಗಳಲ್ಲಿ ನೋಡಿರುತ್ತೀರಿ. ಈ ಜನ ಒಂದು ಕಾಲಕ್ಕೆ ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶವೆಲ್ಲ ಸುತ್ತುತ್ತಿದ್ದವರು. ಅವರ ಎತ್ತಿನ ಜೂಲು, ಹೇರುವ ಚೀಲಕ್ಕೂ ಕಸೂತಿ ಇರುತ್ತಿತ್ತು! ರಸ್ತೆ, ರೈಲು ಬಂದ ಮೇಲೆ ಎತ್ತಿನ ವ್ಯಾಪಾರ ಹೋಯಿತು. ಜನ ತಾಂಡಾಗಳಲ್ಲಿ ನೆಲೆ ನಿಂತರು. ಕಸೂತಿ ಮಾತ್ರ ಹೆಂಗಸರ ಕೈಯಲ್ಲಿ ಉಳಿಯಿತು.

ಹೊಲಿಗೆಯಲ್ಲಿ 14 ಬಗೆ. ಕಿಲಣ, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ಡೋರಾ, ರೇಲೋ, ನಾಕ್ರಾ ಅಂತ ಹೆಸರುಗಳು. ಕನ್ನಡಿ ಕೂರಿಸುವುದನ್ನು ಹತ್ತಿರ ಕೂತು ನೋಡಿದೆ. ಅಂಟು ಗಿಂಟು ಏನೂ ಇಲ್ಲ. ಕನ್ನಡಿಯ ಮೇಲೆ ಅಡ್ಡ ಎರಡು, ಉದ್ದ ಎರಡು ದಾರ ಹಾಯಿಸಿ ಚೌಕದ ಕಟ್ಟು ಮಾಡುತ್ತಾರೆ. ಆ ಕಟ್ಟಿಗೆ ಸೂಜಿ ಸಿಕ್ಕಿಸಿ ಸುತ್ತಲೂ ಹೊಲಿಯುತ್ತಾ ಬಂದರೆ ಕಟ್ಟು ಹಿಗ್ಗಿ ದುಂಡಗಾಗಿ ಕನ್ನಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಮೂರನೆಯ ಕನ್ನಡಿಯ ಹೊತ್ತಿಗೆ ಕೈ ಹತ್ತುತ್ತದೆ. ಧಾರವಾಡದ ಕಸೂತಿ ಕಲಿತವರಿಗೆ ಇದು ಬೇರೆಯೇ ರುಚಿ. ಅಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು, ಎಲ್ಲವೂ ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ನೇಗಿಯಂತೂ ನೇಯ್ದ ಹಾಗೇ ಕಾಣುತ್ತದೆ.

ಈ ಕೇಂದ್ರದ ಕೆಲಸಕ್ಕೆ 2004 ಮತ್ತು 2012ರಲ್ಲಿ ಯುನೆಸ್ಕೋದ ಶ್ರೇಷ್ಠತೆಯ ಮುದ್ರೆ ಸಿಕ್ಕಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕೈಕೆಲಸದ 1,755 ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಟೀವಿಯಲ್ಲಿ ನೋಡಿ ನಮ್ಮ ಓಣಿಯವರೆಲ್ಲ ಹಿಗ್ಗಿದೆವು.

ಆದರೆ ಆ ಹಿಗ್ಗಿನ ಬೆನ್ನಿಗೇ ಒಂದು ಸಂಕಟದ ಮಾತೂ ಹೇಳಬೇಕು.

ನಮ್ಮ ಮನೆಗೆ ಸೀತಾಫಲದ ಕಾಲದಲ್ಲಿ ಹಣ್ಣು ಕೊಡುವ ತಾಂಡಾದ ಹೆಣ್ಣುಮಗಳೊಬ್ಬಳಿದ್ದಾಳೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳು ಉಡುವುದು ನಮ್ಮ ನಿಮ್ಮ ಹಾಗೆ ನೈಲಾನ್ ಸೀರೆ. ಒಂದು ದಿನ ಬುಟ್ಟಿಯ ತಳದಿಂದ ಗಂಟು ತೆಗೆದು ಬಿಚ್ಚಿದಳು. ಅವಳ ತಾಯಿಯ ಫೇಟಿಯಾ ಮತ್ತು ಕಾಂಚಳಿ! ಸೊಂಟದ ಪಟ್ಟಿಯ ಮೇಲೆ ಬೆರಳಿಡಲು ಜಾಗವಿಲ್ಲದಷ್ಟು ಹೊಲಿಗೆ. ಹಂಪಿ ಕಡೆಯ ವ್ಯಾಪಾರಿಯೊಬ್ಬ ಕೊಳ್ಳುತ್ತೇನೆ ಅಂದಿದ್ದಾನಂತೆ. ಹೀಗೆ ಕೊಂಡವರು ಹಾಗೇ ಇಟ್ಟು ಮಾರುವುದಿಲ್ಲ ರೀ. ತುಂಡು ತುಂಡು ಮಾಡಿ ಚೀಲ, ದಿಂಬು, ಗೋಡೆಗೆ ತೂಗುವ ಪಟ್ಟಿ ಹೊಲಿಸುತ್ತಾರೆ. ಹಂಪಿಯ ಅಂಗಡಿಗಳಲ್ಲಿ, ಗೋವಾದ ಕಡಲ ದಂಡೆಯಲ್ಲಿ ಪರದೇಶದವರು ಕೊಳ್ಳುವುದು ಅವನ್ನೇ.

"ಯಕ್ಕಾ, ನೀನು ಬಟ್ಟೆ ಕೆಲಸ ತಿಳಿದಾಕಿ. ಕೊಡ್ಲೋ ಬ್ಯಾಡೋ ಹೇಳು" ಅಂದಳು.

ನಾನು ಏನು ಹೇಳಲಿ? ನನ್ನತ್ತೆಯ ಸೀರೆ ಪೆಟ್ಟಿಗೆಯಲ್ಲಿ ಭದ್ರವಾಗಿದೆ, ಯಾಕೆಂದರೆ ಅದನ್ನು ಮಾರಬೇಕಾದ ಗತಿ ನಮಗಿಲ್ಲ. ಅವಳಿಗೆ ಮೊಮ್ಮಗಳ ನರ್ಸಿಂಗ್ ಶಾಲೆಯ ಫೀಸು ಹದಿನೈದು ದಿನದಲ್ಲಿ ಕಟ್ಟಬೇಕು. "ಸಂಡೂರಿಗೆ ತಗೊಂಡು ಹೋಗಿ ಮೊದಲು ತೋರಿಸು, ಬೆಲೆ ತಿಳಿದುಕೋ" ಅಂದೆ. "ಹೊಲಿಗೆ ನಿನಗೆ ಬರ್ತದಾ?" ಅಂತಲೂ ಕೇಳಿದೆ. ಚಿಕ್ಕವಳಿದ್ದಾಗ ತಾಯಿಯ ಪಕ್ಕ ಕೂತು ಹೊಲಿದಿದ್ದಳಂತೆ. ಮದುವೆಯಾದ ಮೇಲೆ ಕೂಲಿ, ಗಣಿಯ ಕಡೆ ಕೆಲಸ, ಮಕ್ಕಳು. ಮೂವತ್ತು ವರ್ಷ ಸೂಜಿ ಹಿಡಿದಿಲ್ಲ. ಮನೆಯಲ್ಲಿ ಇನ್ನಾರಿಗೂ ಬರುವುದಿಲ್ಲ.

ಕೊನೆಗೆ ಫೇಟಿಯಾ ಹೋಯಿತು, ಕಾಂಚಳಿ ಉಳಿಯಿತು. ಫೀಸು ಕಟ್ಟಿದಳು. ಸಂಪ್ರದಾಯ ಉಳಿಸಬೇಕಿತ್ತು ಅಂತ ಪಟ್ಟಣದಲ್ಲಿ ಕೂತು ಹೇಳುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಉಳಿಸುವ ಭಾರವನ್ನೆಲ್ಲ ಅವಳ ತಲೆಯ ಮೇಲೇ ಯಾಕೆ ಹೊರಿಸಬೇಕು? ಆದರೆ ಆ ಕಾಂಚಳಿಯನ್ನು ಮುಂದಿಟ್ಟುಕೊಂಡು ಅವಳು ನಮ್ಮ ಪಡಸಾಲೆಯಲ್ಲಿ ಕೂತದ್ದು ಮಾತ್ರ ನನ್ನ ಭಾಗ್ಯ. ಹೊಲಿಗೆಯ ಹಿಂಬದಿ ತಿರುಗಿಸಿ ನೋಡುವುದು, ದಾರ ಎಲ್ಲಿ ಇಳಿದು ಎಲ್ಲಿ ಎದ್ದಿದೆ ಅಂತ ಬೆರಳಲ್ಲಿ ಹುಡುಕುವುದು. ಮೂರನೇ ದಿನ ಮಾಕಿ ಬಂತು. ನಾಲ್ಕು ವಾರಕ್ಕೆ ಕಿಲಣವೂ ಬಂತು. ಈಗ ನನ್ನ ಹಾಸುಗಂಬಳಿಯ ಎರಡೂ ತುದಿಗೆ ನಾಲ್ಕು ಬೆರಳಗಲದ ಕೋರಾ ಬಟ್ಟೆಯ ಪಟ್ಟಿ, ಅದರ ಮೇಲೆ ಅವಳ ಹೊಲಿಗೆ. ಕನ್ನಡಿ ಮಾತ್ರ ಬೇಡ ಅಂದಿದ್ದೇವೆ, ನೆಲಕ್ಕೆ ಹಾಸುವಂಥದ್ದು ನೋಡಿ. ಹೊಲಿದದ್ದನ್ನು ತುಳಿಯುವುದು ಅವಳಿಗೂ ಹಿಡಿಸಲಿಲ್ಲ, ಹಾಗಾಗಿ ಈಗ ಕುರ್ಚಿಗೆ, ದಿವಾನಕ್ಕೆ ಹಾಕುವ ಅಳತೆಯಲ್ಲೇ ನೇಯುತ್ತೇನೆ.

ನಾಲ್ಕು ತಿಂಗಳ ಹಿಂದೆ ಆನೆಗೊಂದಿಗೂ ಹೋಗಿಬಂದೆ. ಹಳೇ ಸೀರೆ ಎಷ್ಟು ದಿನ ಸಿಕ್ಕೀತು? ಹೊಕ್ಕಿಗೆ ಬೇರೆ ಏನಾದರೂ ಬೇಕಲ್ಲ. ಮೊದಲು ಹೊಸಪೇಟೆಗೆ ಬಸ್ಸು. 2021ರಿಂದ ಹೊಸಪೇಟೆ ವಿಜಯನಗರ ಜಿಲ್ಲೆ, ನಾವು ಸಂಡೂರಿನವರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದೆವು, ಕಂಪ್ಲಿಯೂ ಅಷ್ಟೇ. ಆನೆಗೊಂದಿ ಕೊಪ್ಪಳ ಜಿಲ್ಲೆ. ಅರ್ಧ ದಿನದಲ್ಲಿ ಮೂರು ಜಿಲ್ಲೆ ಸುತ್ತಿದ ಹಾಗಾಯಿತು ಅಂತ ನಮ್ಮವರು ನಕ್ಕರು! ಬುಕ್ಕಸಾಗರದ ಹತ್ತಿರ ಹೊಳೆಗೆ ಸೇತುವೆ ಆದ ಮೇಲೆ ಆಚೆಗೆ ಹೋಗುವುದು ಸುಲಭ. ದಾರಿಯುದ್ದಕ್ಕೂ ಬಾಳೆ, ಕಬ್ಬು, ಭತ್ತ. ನಮ್ಮ ಒಣಭೂಮಿಯವರಿಗೆ ಈ ಹಸಿರು ನೋಡಿದರೆ ಹೊಟ್ಟೆಕಿಚ್ಚೇ ಆಗುತ್ತದೆ. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಇಂದಿಗೂ ಇಲ್ಲಿ ನೀರು ಹರಿಸುತ್ತಿವೆ.

ಗೊನೆ ಕಡಿದ ಮೇಲೆ ಬಾಳೆ ದಿಂಡು ಹೊಲದಲ್ಲಿ ಕೊಳೆಯುತ್ತದೆ. ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಊರಿನ ಹೆಣ್ಣುಮಕ್ಕಳಿಗೆ ಈ ಬಾಳೆಯ ನಾರಿನ ಕೆಲಸ ಕಲಿಸಿತು. ದಿಂಡಿನ ಪಟ್ಟೆಗಳನ್ನು ಬಿಡಿಸಿ, ಒಣಗಿಸಿ, ಸೀಳಿ, ಹೊಸೆದು ಹುರಿ ಮಾಡುತ್ತಾರೆ. ಆ ಹುರಿಯಿಂದ ಬುಟ್ಟಿ, ಚೀಲ, ಚಾಪೆ. ಕೆಲವು ಕ್ರೋಶಾ ಕಡ್ಡಿಯಿಂದ ಹೆಣೆದವು. ನಾವು ಹೂ ಕಟ್ಟಲು ಬಾಳೆ ನಾರು ಹಿಡಿದವರೇ ಅಲ್ಲವೇ, ಕೈಗೆ ಹೊಸದೇನಲ್ಲ. ಹೊಸೆಯುವಾಗ ಪಟ್ಟೆ ಪೂರಾ ಒಣಗಿದ್ದರೆ ಮುರಿಯುತ್ತದೆ, ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಪೂರಾ ಹಸಿ ಇದ್ದರೆ ಆಮೇಲೆ ಬೂಷ್ಟು ಹಿಡಿಯುತ್ತದೆ. ಒಂದು ಗಂಟು ಹುರಿ ತಂದು ಕಿಟಕಿಗೆ ಹೊಕ್ಕಾಗಿ ಹಾಯಿಸಿದೆ. ಬಿಸಿ ಪಾತ್ರೆ ಇಡುವ ಚಾಪೆಗೆ ಇದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮನೆಗಳು ಬೇಕಾದಷ್ಟಿವೆ, ಅಲ್ಲಿಯ ಕತ್ತರಿಸಿದ ಚಿಂದಿಯನ್ನೂ ತರಿಸಿದ್ದೇನೆ. ನೀಲಿಯ ಹೊಕ್ಕು ಬಲು ಅಂದ, ಆದರೆ ದಪ್ಪ ಬಟ್ಟೆ, ಮುಕ್ಕಾಲಿಂಚಿಗಿಂತ ಅಗಲ ಕತ್ತರಿಸಬೇಡಿ.

ಈಗ ಹಣದ ಮಾತು. ಮನೆಗೆಲಸದವರು ಲೆಕ್ಕ ಬರೆಯುವುದಿಲ್ಲ, ಅದರಿಂದಲೇ ನಮ್ಮ ಕೆಲಸ ಪುಕ್ಕಟೆ ಆಗಿರುವುದು. ಗೋಧಿ ಹಿಟ್ಟಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಬರೆದಿಟ್ಟದ್ದು ಹೀಗಿದೆ: ದಾರಕ್ಕೆ 90 ರೂಪಾಯಿ, ಸೀರೆ ಮನೆಯದು, ನೇಯಲು 10 ತಾಸು, ಅವಳ ಅಂಚಿನ ಹೊಲಿಗೆಗೆ 14 ತಾಸು. ಪಟ್ಟಣದ ಅಂಗಡಿಯೊಂದರವರು ತಿರುವಿ ಮುರುವಿ ನೋಡಿ 150 ರೂಪಾಯಿ ಅಂದರು. 24 ತಾಸಿಗೆ 60 ರೂಪಾಯಿ ಕೂಲಿ! "ಮನೇಲಿ ಸುಮ್ಮನೆ ಕೂತಿರ್ತೀರಲ್ಲಮ್ಮಾ, ಬಂದಷ್ಟು ಬಂತು" ಅಂದರು ಆ ಪುಣ್ಯಾತ್ಮರು. ನಾನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ. ಅವಳೂ ಹಾಗೇ ಮಾಡು ಅಂದಳು. ಆಮೇಲೆ ಸಂಡೂರಿನ ಪರಿಚಯದ ಶಿಕ್ಷಕಿಯೊಬ್ಬರು ಒಂದನ್ನು 1,100 ರೂಪಾಯಿಗೆ ಕೊಂಡರು, ಅವರ ಅಕ್ಕ ಎರಡು ಹೇಳಿದ್ದಾರೆ. ದಾರದ ಖರ್ಚು ಕಳೆದು ಉಳಿದದ್ದನ್ನು ತಾಸಿನ ಲೆಕ್ಕದಲ್ಲಿ ಹಂಚಿಕೊಂಡೆವು. ಅವಳ ತಾಸು ಹೆಚ್ಚು, ಅವಳಿಗೆ ಹೆಚ್ಚು. ಇದು ದೊಡ್ಡ ವ್ಯಾಪಾರವಾಗುತ್ತದೆ ಅನ್ನುವ ಭ್ರಮೆ ನನಗಿಲ್ಲ. ತಿಂಗಳಿಗೆ ಮೂರು ನಾಲ್ಕು ಆದರೆ ಹೆಚ್ಚು. ಆದರೆ 60 ರೂಪಾಯಿಗೆ ಕೊಟ್ಟಿದ್ದರೆ ಅವಳು ಎರಡನೆಯದಕ್ಕೆ ಸೂಜಿ ಎತ್ತುತ್ತಿರಲಿಲ್ಲ. ನೀವು ಏನೇ ಹೆಣೆದರೂ, ನೇಯ್ದರೂ, ದಯಮಾಡಿ ತಾಸು ಬರೆದಿಡಿ.

ಸದ್ಯ ನಮ್ಮ ಪ್ರಯೋಗ ಬಣ್ಣದ್ದು. ಮಾಸಿದ ಬಿಳಿ ಪಂಚೆಗಳು ಬಹಳ ಇದ್ದವು, ಅವಕ್ಕೆ ಬಣ್ಣ ಬೇಕಾಯಿತು. ದಾಳಿಂಬೆ ಸಿಪ್ಪೆಯನ್ನು ಒಣಗಿಸಿಟ್ಟು ನೀರಲ್ಲಿ ಒಂದು ತಾಸು ಕುದಿಸಿ ಸೋಸಿ, ಪಟಿಕದ ನೀರಲ್ಲಿ ಮೊದಲೇ ನೆನೆಸಿದ ಬಟ್ಟೆಯನ್ನು ಅದರಲ್ಲಿ ಕಾಯಿಸಿದರೆ ಒಳ್ಳೆಯ ಹಳದಿ. ಈರುಳ್ಳಿ ಸಿಪ್ಪೆಗೆ ಕಿತ್ತಳೆ ಬೆರೆತ ಕಂದು, ಆದರೆ ಅದು ಬಿಸಿಲಿಗೆ ಬೇಗ ಮಾಸುತ್ತದೆ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಹತ್ತಿರ 1996ರಲ್ಲಿ ಶುರುವಾದ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘದವರು ಅಡಿಕೆ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ನಮ್ಮಲ್ಲಿ ಅಡಿಕೆ ಇಲ್ಲ, ಕಬ್ಬಿಣ ಬೇಕಾದಷ್ಟಿದೆ! ಕಲಂಕಾರಿಯವರು ಕಪ್ಪು ಬಣ್ಣ ಮಾಡುವುದು ಕಬ್ಬಿಣ ಮತ್ತು ಬೆಲ್ಲದಿಂದ. ತುಕ್ಕು ಹಿಡಿದ ಮೊಳೆ, ಲಾಳದ ಚೂರುಗಳನ್ನು ಬೆಲ್ಲದ ನೀರಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಹದಿನೈದು ಇಪ್ಪತ್ತು ದಿನ ಹುಳಿಯಲು ಬಿಡಬೇಕು. ಅದಿರಿನ ಮಣ್ಣು ಹಾಕಬೇಡಿ, ಅದು ಕರಗುವುದಿಲ್ಲ. ಬಟ್ಟೆಯನ್ನು ಅಳಲೆಕಾಯಿ ಪುಡಿಯ ನೀರಲ್ಲಿ ನೆನೆಸಿ ಒಣಗಿಸಿಟ್ಟುಕೊಂಡು ಈ ಕಬ್ಬಿಣದ ನೀರಿಗೆ ಅದ್ದಿದರೆ ಕಣ್ಣೆದುರಿಗೇ ಕಪ್ಪಾಗುತ್ತದೆ. ನೀರು ಬಹಳ ಗಡುಸಾಗಿದ್ದರೆ ನೂಲು ಜಾಳಾಗುತ್ತದೆ, ತೆಳ್ಳಗೆ ಮಾಡಿಕೊಂಡು ಎರಡು ಸಲ ಅದ್ದುವುದು ಕ್ಷೇಮ. ಅಡಿಗೆಯ ಪಾತ್ರೆ, ಸೌಟು ಇದಕ್ಕೆ ಕೂಡದು, ಬೇರೆಯೇ ಇಡಿ.

ನಮ್ಮ ಗಡಿಗೆಗೆ ಇಂದಿಗೆ ಹನ್ನೆರಡು ದಿನ. ಮೇಲೆ ನೊರೆ ಬಂದಿದೆ. ವಾಸನೆಗೆ ಪಕ್ಕದ ಮನೆಯವರು ಎರಡು ಸಲ ಕೇಳಿಯಾಯಿತು, ಅತ್ತೆಯವರು ಗಡಿಗೆಯನ್ನು ದನದ ಕೊಟ್ಟಿಗೆಗೆ ಸಾಗಿಸಿದ್ದಾರೆ. ಸೀತಾಫಲದವಳು ಬಂದಾಗೊಮ್ಮೆ ಬಟ್ಟೆ ಎತ್ತಿ ಬಗ್ಗಿ ನೋಡಿ, "ಇನ್ನೂ ಆಗಿಲ್ಲ ಯಕ್ಕಾ" ಅಂತ ಮತ್ತೆ ಕಟ್ಟಿ ಹೋಗುತ್ತಾಳೆ.